ಅವ್ವನ ರಾಜೀನಾಮೆ ಪತ್ರ

'ಎಚ್‌ಆರ್ ಅಂದ್ರೆ ಏನ್ ಕೆಲ್ಸ ಮಾಡ್ತೀಯವ್ವ?' ಅಂತ ಊರಲ್ಲಿ ಯಾರಾದರೂ ಕೇಳಿದರೆ ನಾನು ಈಗಲೂ ತಡವರಿಸ್ತೀನಿ. ಅಷ್ಟರಲ್ಲಿ ಅವ್ವನೇ ಉತ್ತರ ಕೊಟ್ಟಿರ್ತಾಳೆ. 'ಜನಾನ ಕೆಲ್ಸಕ್ಕೆ ಸೇರಿಸ್ಕೊಳೋದು, ಬುಡ್ಸೋದು ಕಣ್ರವ್ವ.'

ಅವಳಿಗೆ ಎರಡರ ಅನುಭವವೂ ಇದೆ. ಒಂದೇ ಫ್ಯಾಕ್ಟರಿಗೆ ಎರಡು ಸಲ ಸೇರಿದಳು, ಎರಡು ಸಲ ಬಿಟ್ಟಳು. ಎರಡು ಸಲವೂ ರಾಜೀನಾಮೆ ಪತ್ರ ಬರೆದುಕೊಟ್ಟಿದ್ದು ನಾನು.

ನಮ್ಮೂರು ಮಳವಳ್ಳಿಗೂ ಕೆ.ಎಂ. ದೊಡ್ಡಿಗೂ ನಡುವೆ. ವಿ.ಸಿ. ನಾಲೆಯ ಕೊನೇ ಭಾಗ. ನೀರು ಬಂದ ವರ್ಷ ಭತ್ತ, ಬರದ ವರ್ಷ ರಾಗಿ. ಒಂದೂವರೆ ಎಕರೆಯಲ್ಲಿ ಇಬ್ಬರು ಮಕ್ಕಳನ್ನು ಓದಿಸೋಕೆ ಆಗಲ್ಲ ಅಂತ ಅಪ್ಪನಿಗಿಂತ ಮೊದಲು ಲೆಕ್ಕ ಹಾಕಿದ್ದು ಅವ್ವ. 2010ರ ನವೆಂಬರ್‌ನಲ್ಲಿ ಮದ್ದೂರಿನ ಕಡೆಯ ಒಂದು ಗಾರ್ಮೆಂಟ್ಸ್‌ಗೆ ಹೆಲ್ಪರ್ ಆಗಿ ಸೇರಿದಳು. ಬೆಳಿಗ್ಗೆ ಏಳಕ್ಕೆಲ್ಲ ಅರಳಿಕಟ್ಟೆ ಹತ್ತಿರ ವ್ಯಾನು ಬರ್ತಿತ್ತು. ದಾರಿಯುದ್ದಕ್ಕೂ ಒಂದೊಂದು ಊರಿನ ಹೆಂಗಸರನ್ನು ಹತ್ತಿಸ್ಕೊಂಡು ಹೋಗೋದು. ಕಬ್ಬು ಅರೆಯೋ ಕಾಲದಲ್ಲಿ ದೊಡ್ಡಿ ಹತ್ತಿರ ಲೋಡು ತುಂಬಿದ ಟ್ರ್ಯಾಕ್ಟರ್‌ಗಳು ಅಡ್ಡ ನಿಂತು ವ್ಯಾನು ಲೇಟಾದರೆ, ಅವತ್ತು ಸೂಪರ್‌ವೈಸರ್ ಬಾಯಿಗೆ ಇವರೇ ಸಿಕ್ಕೋರು. ಒಂದು ವರ್ಷದೊಳಗೆ ಅವ್ವ ಟೈಲರ್ ಆದಳು. ದಿನವಿಡೀ ಶರ್ಟಿನ ಕಾಲರ್ ಮಾತ್ರ. ಪೂರ್ತಿ ಶರ್ಟು ಹೊಲಿಯೋಕೆ ಅವಳಿಗೆ ಇವತ್ತಿಗೂ ಬರಲ್ಲ.

2015ರಲ್ಲಿ ನನ್ನ ಪಿಯುಸಿ ಮುಗೀತು. ಜಿಲ್ಲೆಗೆ ತುಂಬ ಕೆಟ್ಟ ವರ್ಷ ಅದು. ಕಬ್ಬಿನ ಬಾಕಿ, ಸಾಲ, ರೈತರ ಆತ್ಮಹತ್ಯೆ, ಪೇಪರ್ ತೆಗೆದರೆ ಅದೇ ಸುದ್ದಿ. ಮಂಡ್ಯದ ಕಾಲೇಜಲ್ಲಿ ಬಿಬಿಎ ಸೀಟು ಇತ್ತು, ದುಡ್ಡಿರಲಿಲ್ಲ. ಅವ್ವ ಸಂಘದಲ್ಲಿ ಸಾಲ ಎತ್ತಿ ಅಡ್ಮಿಷನ್ ಮಾಡಿಸಿದಳು. ಅದೇ ವಾರ ರಾತ್ರಿ ಒಂದು ಬಿಳಿ ಹಾಳೆ ತಂದು ನನ್ನ ಮುಂದಿಟ್ಟಳು.

'ಪಿಎಫ್ ತಕ್ಕಂಬುಡ್ತೀನಿ. ಕೆಲ್ಸ ಬುಟ್ರೇನೇ ಬರೋದಂತೆ. ಆಮೇಲೆ ತಿರ್ಗ ಸೇರ್ಕೊಂಡ್ರಾಯ್ತು. ಎಲ್ರೂ ಅಂಗೇ ಮಾಡೋದು.'

ಎಲ್ಲರೂ ಹಾಗೇ ಮಾಡ್ತಿದ್ದರು ಅನ್ನೋದು ನಿಜ. ಮಕ್ಕಳ ಓದಿಗೆ ಪಿಎಫ್‌ನಿಂದ ಮುಂಗಡ ಬೇಕು ಅಂದರೆ ಆಗಿನ ನಿಯಮದಲ್ಲಿ ಏಳು ವರ್ಷದ ಸದಸ್ಯತ್ವ ಆಗಿರಬೇಕಿತ್ತು. ಆಮೇಲೂ ಸಿಗೋದು ತಮ್ಮ ಪಾಲಿನ ಅರ್ಧ. ಕೆಲಸ ಬಿಟ್ಟು ಎರಡು ತಿಂಗಳು ಖಾಲಿ ಕೂತರೆ ಪೂರ್ತಿ ದುಡ್ಡು. ಕಷ್ಟ ಮನೆ ಬಾಗಿಲಿಗೆ ಬಂದಾಗ ಯಾರು ಏಳು ವರ್ಷ ಎಣಿಸ್ತಾ ಕೂರ್ತಾರೆ?

ನಾನು ಬರೆದೆ. 'ನನ್ನ ಸ್ವಂತ ಕಾರಣಗಳಿಂದ ಕೆಲಸಕ್ಕೆ ರಾಜೀನಾಮೆ ನೀಡುತ್ತಿದ್ದೇನೆ.' ಅಕ್ಷರ ದುಂಡಾಗಿ ಬಂದಿದೆ ಅಂತ ಒಳಗೊಳಗೇ ಖುಷಿ ಬೇರೆ. ಅವ್ವ ಕೆಳಗೆ ಸಹಿ ಮಾಡಿದಳು. ಮಾರನೇ ದಿನ ಆಫೀಸ್ ರೂಮಲ್ಲಿದ್ದ ಹುಡುಗ ಪತ್ರ ನೋಡಿ 'ಪಿಎಫ್‌ಗಾ ಅಕ್ಕ?' ಅಂತ ನಕ್ಕು, ಸೀಲು ಒತ್ತಿ ತಗೊಂಡನಂತೆ. ಬೇರೇನೂ ಕೇಳಲಿಲ್ಲ, ಹೇಳಲೂ ಇಲ್ಲ.

ಎರಡು ತಿಂಗಳು ಅವ್ವ ಕಬ್ಬಿನ ಗದ್ದೇಲಿ ಕಳೆ ಕಿತ್ತಳು. ಆಮೇಲೆ ನಲವತ್ತು ಸಾವಿರಕ್ಕಿಂತ ಸ್ವಲ್ಪ ಹೆಚ್ಚು ಬಂತು. ಸಂಘದ ಸಾಲ ತೀರಿತು, ಬಸ್ ಪಾಸು ಆಯ್ತು. ಅಕ್ಟೋಬರ್‌ನಲ್ಲಿ ಅದೇ ಫ್ಯಾಕ್ಟರಿ, ಅದೇ ಲೈನು, ಅದೇ ಕಾಲರ್. ಟೋಕನ್ ನಂಬರ್ ಮಾತ್ರ ಹೊಸದು.

ಮುಂದಿನ ವರ್ಷ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ಆದ ಗಲಾಟೆ ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಮಾಲೀಕರು ಕಟ್ಟುವ ಪಿಎಫ್ ಪಾಲನ್ನು 58 ವರ್ಷ ಆಗೋವರೆಗೆ ತೆಗೆಯೋ ಹಾಗಿಲ್ಲ ಅಂತ ಕೇಂದ್ರ ಸರ್ಕಾರ ನಿಯಮ ಮಾಡಿತ್ತು. 2016ರ ಏಪ್ರಿಲ್ 18 ಮತ್ತು 19ರಂದು ಸಾವಿರಾರು ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಮಷೀನು ಬಿಟ್ಟು ರಸ್ತೆಗೆ ಬಂದು ಕೂತರು. ಸರ್ಕಾರ ನಿಯಮ ವಾಪಸ್ ತಗೊಳ್ತು. ಭವಿಷ್ಯದ ಹಣಕ್ಕೆ ಈಗಲೇ ಯಾಕೆ ಕೈ ಹಾಕ್ತಾರೆ ಅಂತ ಟಿವಿಯಲ್ಲಿ ಯಾರೋ ಕೇಳ್ತಿದ್ದರು. ನನ್ನ ಬ್ಯಾಗಲ್ಲಿ ಆ ಹಣದಿಂದಲೇ ತಗೊಂಡ ಪುಸ್ತಕಗಳಿದ್ದವು.

ಎರಡನೇ ವರ್ಷಕ್ಕೆ ನಮಗೆ ಮಾನವ ಸಂಪನ್ಮೂಲ ನಿರ್ವಹಣೆ ಪೇಪರ್ ಬಂತು. ಎಡ್ವಿನ್ ಫ್ಲಿಪ್ಪೋ ವ್ಯಾಖ್ಯೆ, ಲೈಬ್ರರಿಯಲ್ಲಿ ಅಶ್ವತ್ಥಪ್ಪನವರ ದಪ್ಪ ಪುಸ್ತಕ, ನೇಮಕಾತಿಗೂ ಆಯ್ಕೆಗೂ ಐದು ವ್ಯತ್ಯಾಸ. ಈ ಐದು ವ್ಯತ್ಯಾಸಗಳನ್ನು ಕೆಲಸಕ್ಕೆ ಸೇರಿದ ಮೇಲೆ ನನ್ನನ್ನು ಯಾರೂ ಕೇಳಿಲ್ಲ, ಪರೀಕ್ಷೆಯಲ್ಲಿ ಮಾತ್ರ ತಪ್ಪದೆ ಕೇಳ್ತಿದ್ದರು.

ಆದರೆ ಸರ್ ಚೆನ್ನಾಗಿ ಪಾಠ ಮಾಡ್ತಿದ್ದರು. ಹಾಥಾರ್ನ್ ಪ್ರಯೋಗ ಹೇಳಿಕೊಟ್ಟಿದ್ದು ಇನ್ನೂ ನೆನಪಿದೆ. 1924ರಿಂದ 1932ರವರೆಗೆ ಅಮೆರಿಕದ ಶಿಕಾಗೋ ಪಕ್ಕದ ಒಂದು ಟೆಲಿಫೋನ್ ಸಾಮಾನಿನ ಫ್ಯಾಕ್ಟರಿಯಲ್ಲಿ ನಡೆದ ಪ್ರಯೋಗ. ಬೆಳಕು ಹೆಚ್ಚಿಸಿದರೂ ಉತ್ಪಾದನೆ ಏರಿತು, ಕಮ್ಮಿ ಮಾಡಿದರೂ ಏರಿತು. ತಮ್ಮನ್ನು ಯಾರೋ ಗಮನಿಸ್ತಿದ್ದಾರೆ ಅನ್ನೋದೇ ಕೆಲಸಗಾರರಿಗೆ ಹುಮ್ಮಸ್ಸು ತಂತು ಅಂತ ಪಾಠ. 'ನಮ್ಮಲ್ಲಿ ಈ ಲೈಟಿನ ಪ್ರಯೋಗ ಚೆಸ್ಕಾಂನವರು ದಿನಾ ಮಾಡ್ತಾರೆ, ಉತ್ಪಾದನೆ ಯಾಕೋ ಏರ್ತಿಲ್ಲ' ಅಂತ ಸರ್ ಹೇಳಿ ಕ್ಲಾಸ್ ಪೂರ್ತಿ ನಗಿಸಿದ್ದರು. ಮನೆಗೆ ಬಂದು ಅವ್ವನಿಗೆ ಹೇಳಿದೆ. 'ನಮ್ಮನ್ನೂ ದಿನಾ ನೋಡ್ತಾ ನಿಂತಿರ್ತಾನಲ್ಲ ಸೂಪರ್‌ವೈಸರ್ರು. ಉಮ್ಮಸ್ಸು ಬರಲ್ಲ, ಉಚ್ಚೆಗೆ ಓಗಾಕೂ ಎದ್ರಿಕೆ ಆಯ್ತದೆ' ಅಂದಳು. ಆ ಪಾಠದ ಬಗ್ಗೆ ನಾನು ಓದಿದ ಟೀಕೆಗಳಲ್ಲಿ ಇದಕ್ಕಿಂತ ಚೆನ್ನಾಗಿರೋದು ಇನ್ನೂ ಸಿಕ್ಕಿಲ್ಲ.

ಇನ್ನೊಂದು ಸಲ ಸರ್, ಮಂಡ್ಯದಲ್ಲಿ ಕೂತು ಈ ವಿಷಯ ಓದೋರು ಮೈಷುಗರ್ ನೆನೆಸ್ಕೋಬೇಕು ಅಂದಿದ್ದರು. 1933ರಲ್ಲಿ ಶುರುವಾದ ಆ ಕಾರ್ಖಾನೆಯೇ ಊರನ್ನು ಬೆಳೆಸಿದ್ದು. ಎಚ್‌ಆರ್ ಅನ್ನೋ ಹೆಸರು ಬರೋ ಮೊದಲು ಕಾರ್ಖಾನೆಗಳಲ್ಲಿ ಇದ್ದವರು ವೆಲ್ಫೇರ್ ಆಫೀಸರ್. 1948ರ ಕಾರ್ಖಾನೆ ಕಾಯ್ದೆ ಪ್ರಕಾರ 500 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿದ್ದ ಕಡೆ ಅವರು ಇರಲೇಬೇಕಿತ್ತು. ಕಾರ್ಮಿಕರ ಕಷ್ಟ ಕೇಳೋದೇ ಅವರ ಕೆಲಸ. ಅವ್ವನ ಫ್ಯಾಕ್ಟರಿಯಲ್ಲಿ ಅಷ್ಟು ಜನ ಇದ್ದರು. 'ನಿಮ್ಮಲ್ಲಿ ವೆಲ್ಫೇರ್ ಆಫೀಸರ್ ಯಾರವ್ವ?' ಅಂತ ಕೇಳಿದೆ. 'ಅಂಗಂದ್ರೆ?' ಅಂದಳು.

ಗ್ರಾಚ್ಯುಟಿ ಪಾಠ ಆಗಿದ್ದು ಒಂದು ಶನಿವಾರ. ಅರ್ಧ ಕ್ಲಾಸ್ ಖಾಲಿ. 1972ರ ಕಾಯ್ದೆ. ಸರ್ ಬೋರ್ಡ್ ಮೇಲೆ ಸೂತ್ರ ಬರೆದರು: ಕೊನೆಯ ತಿಂಗಳ ಮೂಲ ವೇತನ ಮತ್ತು ಡಿಎ ಕೂಡಿಸಿ, 15ರಿಂದ ಗುಣಿಸಿ, 26ರಿಂದ ಭಾಗಿಸಿ, ಸೇವೆಯ ವರ್ಷಗಳಿಂದ ಗುಣಿಸಬೇಕು. 26 ಅಂದರೆ ಭಾನುವಾರ ಬಿಟ್ಟು ತಿಂಗಳ ಕೆಲಸದ ದಿನ. ಪ್ರತಿ ವರ್ಷಕ್ಕೆ ಹದಿನೈದು ದಿನದ ಸಂಬಳ ಅಂತ ಅರ್ಥ. 'ಯಾವುದಾದ್ರೂ ಸಂಬಳ ಹಾಕ್ಕೊಂಡು ಲೆಕ್ಕ ಮಾಡಿ' ಅಂದರು.

ನನಗೆ ಗೊತ್ತಿದ್ದ ಸಂಬಳ ಒಂದೇ. ಕೆಲಸ ಬಿಟ್ಟಾಗ ಅವ್ವನಿಗಿದ್ದ ಆರೂವರೆ ಸಾವಿರ ಹಾಕಿದೆ. ಸೇವೆ ಐದು ವರ್ಷ ಅಂತ ಇಟ್ಟುಕೊಂಡೆ. 18,750 ಬಂತು. ಪೈಸೆ ಉಳಿಯದ ಹಾಗೆ ಲೆಕ್ಕ ಬಂತಲ್ಲ ಅಂತ ಸಮಾಧಾನ ಆಯ್ತು.

ಆಗ ಸರ್ ಅಂದರು, 'ನೆನಪಿರಲಿ, ಸತತ ಐದು ವರ್ಷ ಸೇವೆ ಆಗಿರಬೇಕು. ಸಾವು, ಅಂಗವೈಕಲ್ಯಕ್ಕೆ ಮಾತ್ರ ವಿನಾಯಿತಿ.'

ನವೆಂಬರ್ 2010. ಜೂನ್ 2015. ಬೆರಳು ಮಡಚಿ ಎಣಿಸಿದೆ. ನಾಲ್ಕು ವರ್ಷ ಏಳು ತಿಂಗಳು.

'ಸರ್, ಐದು ವರ್ಷಕ್ಕೆ ಐದು ತಿಂಗಳು ಕಮ್ಮಿ ಇದ್ರೆ?'

ಐದನೇ ವರ್ಷದಲ್ಲಿ 240 ದಿನ ಆಗಿದ್ದರೆ ಕೊಡಬೇಕು ಅಂತ ಮದ್ರಾಸ್ ಹೈಕೋರ್ಟ್ ಹೇಳಿದೆ, ಅದರ ಮೇಲೆ ವಾದ ಮಾಡಬಹುದು ಅಂದರು. ಅವ್ವನಿಗೆ ಅದೂ ಆಗಿರಲಿಲ್ಲ. ಇನ್ನೊಂದೆರಡು ತಿಂಗಳು ಇದ್ದಿದ್ದರೆ ಕೇಳೋಕೆ ಒಂದು ದಾರಿಯಾದರೂ ಇರ್ತಿತ್ತು. ಕೆಲಸ ಬಿಟ್ಟು ಮತ್ತೆ ಸೇರಿದರೆ ಹಳೇ ಸೇವೆ ಏನಾಗುತ್ತೆ ಅಂತ ಕೇಳಿದೆ. ರಾಜೀನಾಮೆ ಕೊಟ್ಟಿದ್ದರೆ ಸೊನ್ನೆಯಿಂದ ಶುರು ಅಂದರು. 'ಯಾಕಮ್ಮ, ಯಾರದ್ದು?' ಅಂತ ಕೇಳಿದಾಗ 'ಪಕ್ಕದ್ಮನೆ ಆಂಟೀದು ಸರ್' ಅಂದೆ. ಅದಕ್ಕೆ ಯಾಕೆ ಸುಳ್ಳು ಹೇಳಿದೆ ಅಂತ ಇವತ್ತಿಗೂ ನನಗೆ ಅರ್ಥವಾಗಿಲ್ಲ.

ಅವತ್ತು ಮದ್ದೂರಲ್ಲಿ ಬಸ್ಸು ಬದಲಿಸುವಾಗ ಪ್ರತಿ ಶನಿವಾರದ ವಡೆ ತಗೊಳ್ಳಲಿಲ್ಲ. ಕಿಟಕಿ ಪಕ್ಕ ಕೂತು ಮನಸ್ಸಲ್ಲೇ ಜಗಳ. ಅಡ್ಮಿಷನ್ ಸಾಲದಲ್ಲಿ ಆಗಿಹೋಗಿತ್ತಲ್ಲ, ಇನ್ನು ಐದು ತಿಂಗಳು ಬಡ್ಡಿ ಕಟ್ಟಿದ್ದರೆ ಎಷ್ಟಾಗ್ತಿತ್ತು? 18,750 ಅಂತೂ ಆಗ್ತಿರಲಿಲ್ಲ. ಪತ್ರ ಬರೆಯೋಕೆ ಬಂದ ಕೈಗೆ ಒಂದು ಪ್ರಶ್ನೆ ಕೇಳೋಕೆ ಯಾಕೆ ಬರಲಿಲ್ಲ? ನನಗಾಗ ಹದಿನೇಳು, ಗೊತ್ತಿರಲಿಲ್ಲ. ಆದರೆ ಸೀಲು ಒತ್ತಿದವನಿಗೆ ಗೊತ್ತಿತ್ತು. ನಾನು ಈಗ ಓದ್ತಿರೋ ಪುಸ್ತಕವನ್ನೇ ಓದಿ ಆ ಕುರ್ಚಿಗೆ ಬಂದವನಲ್ಲವಾ ಅವನು?

ರಾತ್ರಿ ಅವ್ವನಿಗೆ ನೋಟ್‌ಬುಕ್ ತೋರಿಸಿ ಎಲ್ಲಾ ಹೇಳಿದೆ. ಸೊಪ್ಪು ಬಿಡಿಸ್ತಿದ್ದಳು, ಕೈ ನಿಲ್ಲಿಸಲಿಲ್ಲ.

'ವಾರವಾರ ಕಂತು ಕಟ್ಟೋಳು ನಾನು. ಐದು ತಿಂಗ್ಳು ಕಾಯ್ಕೊಂಡು ಕೂತಿದ್ರೆ ಮನೇಲಿ ಏನ್ ಬೇಯ್ತಿತ್ತು? ಬುಡು.'

ಸ್ವಲ್ಪ ಹೊತ್ತಾದ ಮೇಲೆ ಅವಳೇ ಮತ್ತೆ ಮಾತೆತ್ತಿದಳು. 'ಆದ್ರೂ ಆ ಹುಡ್ಗ ಒಂದ್ ಮಾತು ಯೋಳ್ಬೋದಾಗಿತ್ತು ಕಣ್ ಮಗ. ಹಿಂಗಿಂಗೆ ಅದೆ ಅಕ್ಕ, ನೋಡ್ಕೊಂಡು ಮಾಡು ಅಂತ. ಗೊತ್ತಿದ್ದೂ ನಾನೇ ಬುಟ್ಟಿದ್ರೆ ಬ್ಯಾರೆ.'

ಮಾರನೇ ದಿನ ಗೋಡೆ ಕ್ಯಾಲೆಂಡರ್‌ನ ಹಿಂಭಾಗದಲ್ಲಿ 'ಅಕ್ಟೋಬರ್ 2020' ಅಂತ ಕೆಂಪು ಪೆನ್ನಲ್ಲಿ ಬರೆದಿಟ್ಟೆ. ಪ್ರತಿ ಯುಗಾದಿಗೆ ಕ್ಯಾಲೆಂಡರ್ ಬದಲಾದಾಗ ಅದನ್ನೂ ಹೊಸದಕ್ಕೆ ಬರೀತಿದ್ದೆ. ತಮ್ಮನ ಐಟಿಐ ಫೀಸಿಗೆ ಮತ್ತೆ ರಾಜೀನಾಮೆಯ ಮಾತು ಬಂದಾಗ ನಾನು ಬೆಂಗಳೂರಲ್ಲಿ ಕೆಲಸಕ್ಕೆ ಸೇರಿದ್ದೆ, ದುಡ್ಡು ಕಳಿಸಿ ತಡೆದೆ. 2020ರಲ್ಲಿ ಲಾಕ್‌ಡೌನ್ ಬಂತು. ಆ ಜೂನ್‌ನಲ್ಲಿ ಶ್ರೀರಂಗಪಟ್ಟಣದ ಗಾರ್ಮೆಂಟ್ಸ್ ಹೆಂಗಸರು ಕೆಲಸ ಹೋಯ್ತು ಅಂತ ಗೇಟಿನ ಮುಂದೆ ಕೂತ ಸುದ್ದಿ ಓದಿದಾಗ, ನಾಲ್ಕು ತಿಂಗಳಿದೆ, ನಾಲ್ಕೇ ತಿಂಗಳು ಅಂತ ನಾನು ದಿನಾ ಫೋನ್ ಮಾಡ್ತಿದ್ದೆ. ಅವ್ವನ ಫ್ಯಾಕ್ಟರಿ ಅರ್ಧ ಜನರನ್ನಿಟ್ಟುಕೊಂಡು ಮತ್ತೆ ಶುರುವಾಯ್ತು. ಆ ಅರ್ಧದಲ್ಲಿ ಅವಳಿದ್ದಳು. ಇಲ್ಲದವರ ಕಥೆ ನಮ್ಮ ಬೀದಿಯಲ್ಲೇ ಎರಡು ಮನೆಯಲ್ಲಿ ಇದೆ. ಅದನ್ನು ಅವರೇ ಹೇಳಬೇಕು.

ನಾನೀಗ ಕೂರೋ ಕುರ್ಚಿ ಆ ಹುಡುಗನದ್ದೇ, ಊರು ಬೇರೆ ಅಷ್ಟೆ. ತಿಂಗಳಿಗೆ ನಾಲ್ಕೈದು ರಾಜೀನಾಮೆ ಬರ್ತವೆ. ಎಕ್ಸಿಟ್ ಇಂಟರ್‌ವ್ಯೂ ಫಾರ್ಮಿನಲ್ಲಿ ಎಲ್ಲರದ್ದೂ 'ಸ್ವಂತ ಕಾರಣ'. ನಾನು ಮೊದಲು ನೋಡೋದು ಸೇರಿದ ದಿನಾಂಕ. ಹೋದ ವರ್ಷ ಪ್ಯಾಕಿಂಗ್ ವಿಭಾಗದ ಒಬ್ಬರು ನಾಲ್ಕು ವರ್ಷ ಐದು ತಿಂಗಳಿಗೆ ಪತ್ರ ತಂದರು. ಪತ್ರ ಪಕ್ಕಕ್ಕಿಟ್ಟು, ಒಂದು ಚೀಟಿಯಲ್ಲಿ ಲೆಕ್ಕ ಬರೆದು ಕೈಗೆ ಕೊಟ್ಟೆ. ಮನೇಲಿ ಕೇಳಿ ಬರ್ತೀನಿ ಅಂತ ಹೋದರು. ಆಮೇಲೆ ನಮ್ಮ ಮ್ಯಾನೇಜರ್ ಕೇಳಿದ್ದು, 'ನಿಮಗೆ ಸಂಬಳ ಕೊಡೋದು ಯಾರು ಅಂತ ನೆನಪಿದೆಯಾ?' ನೆನಪಿದೆ ಸರ್ ಅಂದೆ. ಧೈರ್ಯದಿಂದ ಹೇಳಿದ್ದಲ್ಲ, ಬೇರೆ ಏನು ಹೇಳಬೇಕು ಅಂತ ತೋಚಲಿಲ್ಲ. ಸೋಮವಾರ ಅವರು ಅದೇ ಪತ್ರ ವಾಪಸ್ ತಂದರು. ಮಗಳ ಆಪರೇಷನ್, ಕಾಯೋಕಾಗಲ್ಲ ಮೇಡಂ ಅಂದರು. ತಗೊಂಡೆ, ಸೀಲು ಒತ್ತಿದೆ.

2022ರ ನವೆಂಬರ್‌ನಲ್ಲಿ ಅವ್ವನಿಗೆ ಮಂಡಿನೋವು ಜಾಸ್ತಿಯಾಗಿ ಪೆಡಲ್ ತುಳಿಯೋಕೆ ಆಗದ ಹಾಗಾಯ್ತು. ಏಳು ವರ್ಷ ದಾಟಿತ್ತು. ಭಾನುವಾರ ಊರಿಗೆ ಹೋದವಳ ಮುಂದೆ ಮತ್ತೆ ಬಿಳಿ ಹಾಳೆ ಬಂತು.

'ಈ ಸಲ ನಿಜವಾದ ಕಾರಣ ಬರಿಯೋಣ ಕಣವ್ವ. ಹನ್ನೆರಡು ವರ್ಷ ಮಷೀನ್ ತುಳಿದು ಮಂಡಿ ಹೋಯ್ತು ಅಂತ.'

'ಸ್ವಂತ ಕಾರಣ ಅಂತ್ಲೇ ಬರಿ. ಜಾಸ್ತಿ ಬರುದ್ರೆ ಕೂರಿಸ್ಕೊಂಡು ಕೇಳ್ತಾರೆ. ವ್ಯಾನು ಓಗ್ಬುಡ್ತದೆ.'

ಹಾಗೇ ಬರೆದೆ. ಇಪ್ಪತ್ತೈದನೇ ದಿನಕ್ಕೆ ಅವಳ ಖಾತೆಗೆ 39,900 ಬಿತ್ತು. ನನ್ನ ಲೆಕ್ಕಕ್ಕೂ ಅದಕ್ಕೂ ಒಂದು ರೂಪಾಯಿ ವ್ಯತ್ಯಾಸ ಇರಲಿಲ್ಲ. ಅದಕ್ಕೆ ಒಂದಿಷ್ಟು ಸೇರಿಸಿ ಒಂದು ಸೀಮೆಹಸು ಕಟ್ಟಿದ್ದಾಳೆ. ಈಗ ಬೆಳಿಗ್ಗೆ ಏಳಕ್ಕೆ ಅರಳಿಕಟ್ಟೆ ಹತ್ತಿರ ವ್ಯಾನು ಬರೋ ಹೊತ್ತಿಗೆ ಅವಳು ಹಾಲಿನ ಕ್ಯಾನು ಹಿಡ್ಕೊಂಡು ಡೈರಿಯಿಂದ ವಾಪಸ್ ಬರ್ತಿರ್ತಾಳೆ. ವ್ಯಾನಲ್ಲಿರೋ ಹುಡುಗಿಯರನ್ನು ನಿಲ್ಲಿಸಿ ಕೇಳ್ತಾಳಂತೆ, 'ನಿಂಗೆಷ್ಟು ವರ್ಷ ಆಯ್ತು?' ಅವರು ವಯಸ್ಸು ಹೇಳ್ತಾರೆ. 'ಅದಲ್ಲ ಕಣೇ,' ಅಂತಾಳೆ.