ವಯಸ್ಸಾಯ್ತು ಅಂದುಬಿಟ್ಟರೆ...

ಮೊನ್ನೆ ತುರುವೇಕೆರೆ ಹತ್ತಿರದ ನಮ್ಮೂರಿಗೆ ಹೋದಾಗ ಕೆಂಚಿ ಅಟ್ಟ ಹತ್ತುವುದನ್ನೇ ಬಿಟ್ಟಿದ್ದಳು. ಉಂಡೆ ಕೊಬ್ಬರಿಯಾಗಲೆಂದು ವರ್ಷದ ಹತ್ತಿರ ಅಟ್ಟದಲ್ಲಿ ಬಿಡುವ ಕಾಯಿಯನ್ನು ಇಲಿಗಳಿಂದ ಕಾಯುತ್ತಿದ್ದವಳು ಅವಳೇ. "14 ವರ್ಷ ಆಯ್ತಲ್ಲೋ, ವಯಸ್ಸು" ಅಂದಳು ಅಮ್ಮ.

ಗಾರೆ ನೆಲದ ಮೇಲೆ ನಡೆದರೆ ಟಕ್ ಟಕ್ ಸದ್ದು. ಹಿಡಿದು ನೋಡಿದೆ. ಮುಂಗಾಲಿನ ಹೆಬ್ಬೆರಳ ಉಗುರು ಕುಡುಗೋಲಿನಂತೆ ಬಾಗಿ ಪಾದದ ಮೆತ್ತೆಗೆ ತಾಗುತ್ತಿತ್ತು! ಮುದಿ ಬೆಕ್ಕು ಮರ ಕೆರೆಯುವುದು ಕಡಿಮೆ. ಹಾಗಾಗಿ ಉಗುರಿನ ಹಳೇ ಪೊರೆ ಕಳಚದೆ ದಪ್ಪವಾಗುತ್ತದೆ. ಹೆಬ್ಬೆರಳಂತೂ ನೆಲಕ್ಕೇ ತಾಗುವುದಿಲ್ಲ, ಸವೆಯುವ ಮಾತೆಲ್ಲಿ?

ಊಟವಾಗಿ ತೂಕಡಿಸುವಾಗ ಅಮ್ಮ ಟವೆಲ್ ಸುತ್ತಿ ಹಿಡಿದಳು. ಬೆರಳನ್ನು ಮೆಲ್ಲಗೆ ಒತ್ತಿದರೆ ಉಗುರು ಹೊರಬರುತ್ತದೆ. ಒಳಗಿನ ಗುಲಾಬಿ ಭಾಗದಲ್ಲಿ ರಕ್ತನಾಳ, ನರ ಎರಡೂ ಇವೆ. ಅದನ್ನು ಮುಟ್ಟದೆ ತುದಿಯಷ್ಟೇ ಕತ್ತರಿಸಬೇಕು. ರಕ್ತ ಬಂದರೆ ಒತ್ತಲು ಕಾರ್ನ್‌ಫ್ಲೋರ್ ಇಟ್ಟುಕೊಂಡಿದ್ದೆ, ಬೇಕಾಗಲಿಲ್ಲ. ಮುಂಗಾಲಿಗೆ ಐದೈದು, ಹಿಂಗಾಲಿಗೆ ನಾಲ್ಕು ನಾಲ್ಕು, ಒಟ್ಟು 18. ದಿನಕ್ಕೆ ಆರರಂತೆ ಮೂರು ದಿನ. ಲೈವ್ ಸರ್ವರ್ ಮುಟ್ಟುವಾಗಲೂ ಕೈ ಇಷ್ಟು ನಡುಗಿರಲಿಲ್ಲ :)

"ಇನ್ನು ಇಲಿ ಹೆಂಗೋ ಹಿಡೀತಾಳೆ?" ಅಮ್ಮನ ಚಿಂತೆ.

ಮೂರನೇ ರಾತ್ರಿ ಅಟ್ಟದಲ್ಲಿ ಕಾಯಿ ಉರುಳಿದ ಸದ್ದು. ಕೆಂಚಿ ಮೇಲಿದ್ದಳು!

ಅಮ್ಮ ಮಂಡಿ ಹಿಡಿದುಕೊಂಡೇ ಎದ್ದು ಬಂದು ನೋಡಿ ನಕ್ಕಳು. ನನಗೆ ನಗು ಬರಲಿಲ್ಲ. ಆ ಮಂಡಿನೋವಿಗೂ ಎಷ್ಟೋ ಸಲ ಫೋನಿನಲ್ಲಿ "ವಯಸ್ಸಾಯ್ತಲ್ಲಮ್ಮ" ಅಂದುಬಿಟ್ಟಿದ್ದೆ. ಒಮ್ಮೆಯೂ ಕೂರಿಸಿ ಕಾಲು ನೋಡಿರಲಿಲ್ಲ.

ಸೋಮವಾರ ರಜೆ ಹಾಕಿದ್ದೇನೆ. ಅಮ್ಮನನ್ನು ತಿಪಟೂರಿಗೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕು.