ದಣಿದ ಹೃದಯ, ದಣಿಯದ ಕಾಯಕ

ಮಾನವ ಶರೀರದಲ್ಲಿ ಕ್ಷಣಕಾಲವೂ ವಿಶ್ರಮಿಸದೆ ಕಾಯಕ ಮಾಡುವ ಅಂಗವೆಂದರೆ ಹೃದಯ. ತಾಯಿಯ ಗರ್ಭದಲ್ಲಿ ಆರಂಭವಾದ ಅದರ ದುಡಿಮೆ ಕೊನೆಯುಸಿರಿನವರೆಗೂ ನಡೆಯುತ್ತದೆ. ದಿನವೊಂದಕ್ಕೆ ಅದು ಸುಮಾರು 1 ಲಕ್ಷ ಸಲ ಮಿಡಿಯುತ್ತದೆ. ಇಂಥ ಕಾಯಕಜೀವಿಯೇ ದಣಿದಾಗ ಮನುಷ್ಯನಿಗೆ ಒದಗುವ ಕಷ್ಟ ಎರಡು ಬಗೆಯದು. ಒಂದು ದೇಹದ್ದು, ಅದನ್ನು ವೈದ್ಯರು ಬಲ್ಲರು. ಇನ್ನೊಂದು ಮನಸ್ಸಿನದು, ಅದನ್ನು ಅನುಭವಿಸಿದವನೇ ಬಲ್ಲ.

ನಾನು ಬೀದರ ನಗರಕ್ಕೆ ಸಮೀಪದ ಅಷ್ಟೂರಿನವನು, ಒಕ್ಕಲುತನದ ಮನೆತನದವನು. 6 ವರ್ಷಗಳ ಹಿಂದೆ ನನಗೆ ತೀವ್ರ ಹೃದಯಾಘಾತವಾಯಿತು. ಆರೋಗ್ಯವಂತ ಹೃದಯವು ತನ್ನ ಎಡ ಕೋಣೆಯಲ್ಲಿ ತುಂಬಿದ ರಕ್ತದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಪ್ರತಿ ಮಿಡಿತಕ್ಕೂ ಹೊರದೂಡುತ್ತದೆ. ನನ್ನದು ಶೇ. 30 ಮಾತ್ರ ದೂಡುತ್ತಿದೆಯೆಂದು ಎಕೋ ಪರೀಕ್ಷೆ ತಿಳಿಸಿತು. ಭಾರ ಎತ್ತಬಾರದು, ಬಿಸಿಲಲ್ಲಿ ದುಡಿಯಬಾರದು ಎಂದು ವೈದ್ಯರು ಆಜ್ಞಾಪಿಸಿದರು.

ನಮ್ಮೂರಿನ ಬಹಮನಿ ಗುಮ್ಮಟಗಳನ್ನು ವಾಚಕರು ಕಂಡಿರಬಹುದು. 1436ರಲ್ಲಿ ತೀರಿಕೊಂಡ ಅಹ್ಮದ್ ಶಾಹ ವಲಿಯ ಸಮಾಧಿ ಅಲ್ಲಿದೆ. ಮುಸಲ್ಮಾನರು ವಲಿಯೆಂದು ಗೌರವಿಸುವ ಆತನಲ್ಲಿ ನಮ್ಮ ಜನ ಅಲ್ಲಮಪ್ರಭುವನ್ನು ಕಾಣುತ್ತಾರೆ. ಹೋಳಿ ಹುಣ್ಣಿಮೆಯ ತರುವಾಯ ನಡೆಯುವ ಜಾತ್ರೆಗೆ ಮಾಡ್ಯಾಳದ ಜಂಗಮರು ಬರುತ್ತಾರೆ. ಶಂಖ ಮೊಳಗುತ್ತದೆ, ಕಾಯಿ ಒಡೆಯುತ್ತಾರೆ. ಆ ಜಾತ್ರೆಯಲ್ಲಿ ಯಾತ್ರಿಕರಿಗೆ ನೀರು ಕೊಡುವ ಸೇವೆ ಅನೇಕ ವರ್ಷ ನನ್ನ ಪಾಲಿನದಾಗಿತ್ತು. ಕಾಯಿಲೆಯ ನಂತರದ ಜಾತ್ರೆಯಲ್ಲಿ ನಾನು ನೆರಳಿನಲ್ಲಿ ಕುಳಿತಿದ್ದೆ, ಹುಡುಗನೊಬ್ಬ ನನಗೇ ನೀರು ತಂದುಕೊಟ್ಟ. ಅಂದು ನನ್ನನ್ನು ಕಾಡಿದ್ದು ಸಾವಿನ ಭಯವಲ್ಲ. ದುಡಿಮೆಯನ್ನು ಪೂಜೆಯ ಮಟ್ಟಕ್ಕೇರಿಸಿದ ಧರ್ಮದಲ್ಲಿ ಹುಟ್ಟಿದವನಿಗೆ ದುಡಿಯುವ ಶಕ್ತಿಯೇ ಹೋದರೆ ಉಳಿಯುವುದೇನು ಎಂಬ ಪ್ರಶ್ನೆ ಅದು.

ಉತ್ತರ ದೊರೆತದ್ದು ಆಯ್ದಕ್ಕಿ ಲಕ್ಕಮ್ಮನ ಚರಿತ್ರೆಯಲ್ಲಿ. ಪತಿ ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಆ ತಾಯಿ ಹಿಗ್ಗಲಿಲ್ಲ. ಹೆಚ್ಚಿನದನ್ನು ಮರಳಿಸಿ ಬರುವಂತೆ ಹೇಳಿದಳು. ಕಾಯಕದ ಬೆಲೆ ಅದರ ಪ್ರಮಾಣದಲ್ಲಿಲ್ಲ, ಮಾಡುವ ಮನಸ್ಸಿನ ಶುದ್ಧಿಯಲ್ಲಿದೆ ಎಂಬುದು ಇದರ ತಾತ್ಪರ್ಯ. ಮೂಟೆ ಹೊರುವುದು ಕಾಯಕವಾದರೆ, ಕುಳಿತಲ್ಲಿ ತೊಗರಿ ಬೇಳೆ ಹಸನು ಮಾಡುವುದೂ ಮೊಮ್ಮಕ್ಕಳಿಗೆ ವಚನ ಓದಿಸುವುದೂ ಕಾಯಕವೇ. ಹಾಗೆಯೇ, ಸೇವೆ ಮಾಡುವವನಷ್ಟೇ ಅಲ್ಲ, ಅದನ್ನು ವಿನಯದಿಂದ ಸ್ವೀಕರಿಸುವವನೂ ದಾಸೋಹದಲ್ಲಿ ಪಾಲುದಾರನೆಂಬುದನ್ನು ಆ ಹುಡುಗನ ತಂಬಿಗೆ ನನಗೆ ಕಲಿಸಿತು.

ಕಾಯಿಲೆಯಾದಾಗ ಹಿತೈಷಿಗಳು ನಮ್ಮ ಪರವಾಗಿ ಹರಕೆ ಹೊರುವುದುಂಟು. ಅವರ ಪ್ರೀತಿ ದೊಡ್ಡದು. ಆದರೆ 2006ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ವಿಚಾರಕ್ಕೆ ಯೋಗ್ಯವಾಗಿದೆ. ಬೈಪಾಸ್ ಶಸ್ತ್ರಚಿಕಿತ್ಸೆಗೆ ಒಳಗಾದ 1802 ರೋಗಿಗಳಲ್ಲಿ ಕೆಲವರಿಗಾಗಿ ಅಪರಿಚಿತರು ಪ್ರಾರ್ಥಿಸಿದರು. ತೊಡಕುಗಳೇನೂ ಅದರಿಂದ ಕಡಿಮೆಯಾಗಲಿಲ್ಲ. ತಮಗಾಗಿ ಪ್ರಾರ್ಥನೆ ನಡೆದಿದೆಯೆಂದು ಖಚಿತವಾಗಿ ತಿಳಿದವರಲ್ಲಿ ಅವು ಕೊಂಚ ಹೆಚ್ಚೇ ಕಂಡವು. ತನ್ನ ಪೂಜೆಯನ್ನು ತಾನೇ ಮಾಡಬೇಕು, ಮತ್ತೊಬ್ಬರಿಂದ ಮಾಡಿಸಲಾಗದು ಎಂದು ಬೋಧಿಸಿದ ಬಸವಣ್ಣನವರ ಅನುಯಾಯಿಗಳಿಗೆ ಇದರಿಂದ ಆಶ್ಚರ್ಯವಾಗಬೇಕಿಲ್ಲ.

ಹಾಗಾದರೆ ತಾನೇ ಮಾಡುವ ಪೂಜೆಯಿಂದೇನು ಫಲ? ಇಷ್ಟಲಿಂಗವನ್ನು ಕರಸ್ಥಲದಲ್ಲಿರಿಸಿ ದೃಷ್ಟಿಯಿಟ್ಟು ಕುಳಿತಾಗ ಉಸಿರು ತಾನಾಗಿ ನಿಧಾನವಾಗುತ್ತದೆ, ನಾಳೆಯ ಚಿಂತೆ ಅಷ್ಟು ಹೊತ್ತು ದೂರ ಸರಿಯುತ್ತದೆ. ರಾತ್ರಿ ಎಚ್ಚರವಾಗಿ ಎದೆ ಬಡಿತವನ್ನೇ ಎಣಿಸುತ್ತಿದ್ದ ನಾನು ಬೆಳಗಿನ ಪೂಜೆಯ ಕೊನೆಗೆ ಹಿಂದಿನ ದಿನ ಪಡೆದ ಮೂರು ಉಪಕಾರಗಳನ್ನು ನೆನೆಯುವ ರೂಢಿ ಮಾಡಿಕೊಂಡೆ. ಔಷಧ ನೆನಪಿಸಿದ ಸೊಸೆ, ಬಂದು ಮಾತನಾಡಿಸಿ ಹೋದ ನೆರೆಯವರು, ಬೇವಿನ ಮರದ ನೆರಳು, ಇಷ್ಟೇ. ನಿದ್ರೆ ಮೆಲ್ಲನೆ ಮರಳಿತು.

ಇದು ನನ್ನೊಬ್ಬನ ಅನುಭವವಲ್ಲ. ಹೃದಯಕ್ಕೆ ಹಾನಿಯಾಗಿದ್ದರೂ ರೋಗಲಕ್ಷಣಗಳು ತಲೆದೋರದ 186 ಜನರನ್ನು ಕ್ಯಾಲಿಫೋರ್ನಿಯಾದ ಪಾಲ್ ಮಿಲ್ಸ್ ಮತ್ತು ಸಂಗಡಿಗರು ಪರೀಕ್ಷಿಸಿ 2015ರಲ್ಲಿ ವರದಿ ಪ್ರಕಟಿಸಿದರು. ಕೃತಜ್ಞತಾಭಾವ ಹೆಚ್ಚಾಗಿದ್ದವರಲ್ಲಿ ಖಿನ್ನತೆ ಮತ್ತು ಆಯಾಸ ಕಡಿಮೆ, ನಿದ್ರೆ ಉತ್ತಮ, ರಕ್ತದಲ್ಲಿ ಉರಿಯೂತದ ಸೂಚಕಗಳೂ ಕಡಿಮೆಯಿದ್ದವು. ಆಧ್ಯಾತ್ಮಿಕ ನೆಮ್ಮದಿಯಿಂದ ದೊರೆಯುವ ಹಿತದ ಬಹುಪಾಲು ಕೃತಜ್ಞತೆಯ ಮೂಲಕವೇ ಬರುತ್ತದೆಂದು ಅವರು ಅಭಿಪ್ರಾಯಪಟ್ಟರು. ಕೃತಜ್ಞತೆ ಹೃದಯವನ್ನು ಗುಣಪಡಿಸುತ್ತದೆಂದು ಇದರ ಅರ್ಥವಲ್ಲ. ರೋಗದೊಡನೆ ಬಾಳಲು ಅದು ಬಲ ಕೊಡುತ್ತದೆ.

ಆದುದರಿಂದ ಶಿವಯೋಗ ಮತ್ತು ಚಿಕಿತ್ಸೆ ಪರಸ್ಪರ ವಿರೋಧಿಗಳಲ್ಲ. ದೇಹವನ್ನು ದೇವಾಲಯವೆಂದು ಭಾವಿಸುವವನು ಅದರ ದುರಸ್ತಿಯನ್ನು ಅಲಕ್ಷಿಸಬಾರದು. ವೈದ್ಯರನ್ನು ಕೇಳದೆ ಗುಳಿಗೆ ನಿಲ್ಲಿಸುವುದಾಗಲಿ, ಶಿವರಾತ್ರಿಯ ಉಪವಾಸ ಮಾಡುವುದಾಗಲಿ ಸಲ್ಲದು. ಉಪ್ಪಿನಕಾಯಿ, ಹಪ್ಪಳಗಳನ್ನು ದೂರವಿಡಬೇಕು. ಪ್ರತಿದಿನ ಬೆಳಿಗ್ಗೆ ತೂಕ ನೋಡಿಕೊಳ್ಳಬೇಕು. ಕೆಲವೇ ದಿನಗಳಲ್ಲಿ 2 ಕಿಲೋ ಏರಿದರೆ, ಕಾಲು ಬಾತರೆ, ಮಲಗಿದಾಗ ಉಬ್ಬಸ ಬಂದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ಹೃದಯ ದುರ್ಬಲವಾದ ಐವರಲ್ಲಿ ಸುಮಾರು ಒಬ್ಬರನ್ನು ಖಿನ್ನತೆ ಕಾಡುತ್ತದೆ. ಅದು ಭಕ್ತಿಯ ಕೊರತೆಯಲ್ಲ, ಚಿಕಿತ್ಸೆಗೆ ಯೋಗ್ಯವಾದ ಬಾಧೆ.

ಮನೆಯವರಲ್ಲಿ ನನ್ನದೊಂದು ಬಿನ್ನಹ. ನಿಮ್ಮ ಮನೆಯ ಹೃದ್ರೋಗಿಯನ್ನು ಮಂಚಕ್ಕೆ ಕಟ್ಟಿಹಾಕಬೇಡಿರಿ, ಎಲ್ಲ ಕೆಲಸಗಳನ್ನೂ ಅವರ ಕೈಯಿಂದ ಕಸಿದುಕೊಳ್ಳಬೇಡಿರಿ. ವೈದ್ಯರು ಒಪ್ಪುವಷ್ಟು ಸಣ್ಣ ಕಾಯಕವೊಂದನ್ನು ಅವರಿಗೆ ಒಪ್ಪಿಸಿರಿ. ತಾನು ಇನ್ನೂ ಬೇಕಾದವನು ಎಂಬ ಅರಿವು ಯಾವ ಔಷಧಾಲಯದಲ್ಲಿಯೂ ದೊರೆಯುವುದಿಲ್ಲ. ಅದನ್ನು ಕೊಡಬಲ್ಲವರು ನೀವು ಮಾತ್ರ.