ಉಸುಕಿನಲ್ಲಿ ಬಂಗಾರ ಹುಡುಕುವವರಿಗೆ

ಬೇಸಿಗೆಯಲ್ಲಿ ಕೃಷ್ಣೆ ಇಳಿದಾಗ ಯಡೂರು, ಉಗಾರ, ಕುಡಚಿಗಳ ದಂಡೆಯಲ್ಲಿ ಉಸುಕು ಮೇಲೆದ್ದು ಕಾಣುತ್ತದೆ. ಬಿಸಿಲಿಗೆ ಅದು ಮಿನುಗುವುದನ್ನು ಕಂಡ ಹುಡುಗರು, ‘ಅಪ್ಪಾ, ಈ ಉಸುಕಿನ್ಯಾಗ ಬಂಗಾರ ಐತೇನು?’ ಎಂದು ಕೇಳುವುದುಂಟು. ‘ಬಂಗಾರ ಇದ್ದಿದ್ರ ನಾವ್ಯಾಕ ಕಬ್ಬು ಕಡೀತಿದ್ವೋ?’ ಎಂದು ಅಪ್ಪ ನಕ್ಕುಬಿಡುತ್ತಾನೆ. ಆದರೆ ನಕ್ಕು ಮುಗಿಸುವಂಥ ಪ್ರಶ್ನೆ ಅದಲ್ಲ.

ಹಳ್ಳದ ಉಸುಕಿನಲ್ಲಿ ಬಂಗಾರ ಸಿಗುತ್ತದೆಂಬುದು ಸುಳ್ಳೇನಲ್ಲ. ಗದಗ ಜಿಲ್ಲೆಯ ಕಪ್ಪತಗುಡ್ಡದಿಂದ ಇಳಿದು ಬರುವ ಹಳ್ಳಗಳಲ್ಲಿ ಜಾಲಗಾರರೆಂಬವರು ಹಿಂದೆ ಇದೇ ಕೆಲಸ ಮಾಡುತ್ತಿದ್ದರು. ಕಟ್ಟಿಗೆಯ ಮರಿಗೆಯಲ್ಲಿ ಉಸುಕು ತುಂಬಿ ನೀರಿನಲ್ಲಿ ಅಲುಗಿಸಿ ತೊಳೆದರೆ ಹಗುರಾದದ್ದು ಹರಿದುಹೋಗುತ್ತದೆ, ಭಾರವಾದದ್ದು ತಳದಲ್ಲಿ ಉಳಿಯುತ್ತದೆ. ಬಂಗಾರ ನೀರಿಗಿಂತ 19 ಪಟ್ಟು ಭಾರ; ಸಾಮಾನ್ಯ ಉಸುಕಿನ ಕಣ ಎರಡೂವರೆ ಪಟ್ಟಿಗಿಂತ ತುಸು ಹೆಚ್ಚು, ಅಷ್ಟೇ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫುಟ್ 1874ರಲ್ಲಿ ಆ ಸೀಮೆಯ ಬಂಗಾರದ ಕುರಿತು ವರದಿ ಪ್ರಕಟಿಸಿದರು. ಅಕ್ಕಸಾಲಿಗರ ಅಂಗಡಿಯ ಕಸ, ಗಟಾರದ ರಾಡಿ ತೊಳೆದು ಬಂಗಾರದ ಹುಡಿ ತೆಗೆಯುವುದೂ ಜಾಲಗಾರರ ಕಸುಬೇ ಆಗಿತ್ತು.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ನೆಲಕ್ಕೆ ಈ ಭಾಗ್ಯವಿಲ್ಲ. ಕೃಷ್ಣೆ, ದೂಧಗಂಗಾ, ವೇದಗಂಗಾ ಮೂರೂ ಸಹ್ಯಾದ್ರಿಯಲ್ಲಿ ಹುಟ್ಟಿ ಕರಿಕಲ್ಲಿನ ನಾಡಿನಲ್ಲಿ ಹರಿದು ಬರುತ್ತವೆ. ಆ ಕರಿಕಲ್ಲು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭೂಮಿಯ ಒಡಲಿನಿಂದ ಉಕ್ಕಿ ಹೆಪ್ಪುಗಟ್ಟಿದ ಲಾವಾರಸ. ಬಂಗಾರ ಇರುವುದು ಕಪ್ಪತಗುಡ್ಡ, ಹಟ್ಟಿ, ಕೋಲಾರಗಳ 250 ಕೋಟಿ ವರ್ಷಕ್ಕೂ ಹಳೆಯ ಬಂಡೆಗಳಲ್ಲಿ. ಕೃಷ್ಣೆಯ ಉಸುಕಿನಲ್ಲಿ ಮಿನುಗುವುದು ಬೆಣಚುಕಲ್ಲು ಮತ್ತಿತರ ಹರಳುಗಳ ಚೂರು.

ಹಾಗೆಂದು ಹುಡುಗನ ಉತ್ಸಾಹಕ್ಕೆ ತಣ್ಣೀರು ಎರಚಬೇಕಾಗಿಲ್ಲ. ಮನೆಯ ಹಳೆಯ ಪರಾತದಲ್ಲಿ ಒಂದು ಬೊಗಸೆ ಉಸುಕು ಹಾಕಿ ಜಾಲಗಾರರಂತೆ ತೊಳೆದರೆ ತಳದಲ್ಲಿ ಕಪ್ಪು ಹುಡಿ ಉಳಿಯುತ್ತದೆ. ಕೆಟ್ಟ ರೇಡಿಯೋದ ಸ್ಪೀಕರಿನಿಂದ ತೆಗೆದ ಸೂಜಿಗಲ್ಲನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಹತ್ತಿರ ಹಿಡಿದರೆ ಅದರಲ್ಲಿ ಕೆಲವು ಕಣಗಳು ಟಪ್ಪನೆ ಅಂಟಿಕೊಳ್ಳುತ್ತವೆ. ಅದು ಮ್ಯಾಗ್ನಟೈಟ್, ಅಂದರೆ ಕಬ್ಬಿಣದ ಅದಿರು. ನೀರಿಗಿಂತ ಐದು ಪಟ್ಟು ಭಾರ. ಬಂಗಾರ ತೊಳೆಯುವವರಿಗೂ ಮೊದಲು ಕಾಣುವುದು ಈ ಕಪ್ಪು ಹುಡಿಯೇ.

ಆಟ ಚಿಕ್ಕದಾದರೂ ಅದಕ್ಕೆ ರೀತಿನೀತಿ ಬೇಕು. ಶಾಲೆಗೆ ರಜೆ ಇರುವ ಬೇಸಿಗೆಯೇ ಕೃಷ್ಣೆಯ ಮೊಸಳೆಗಳ ಮೊಟ್ಟೆಯ ಕಾಲ. ಅವು ದಂಡೆಯಲ್ಲಿ ಗುಣಿ ತೋಡಿ ಮೊಟ್ಟೆ ಹೂಳುತ್ತವೆ. ಕೆಲವು ನೀರುಹಕ್ಕಿಗಳಂತೂ ಗೂಡೇ ಕಟ್ಟದೆ ಬರಿ ಉಸುಕಿನ ಮೇಲೆ ಮೊಟ್ಟೆ ಇಡುತ್ತವೆ. ಉಸುಕಿನ ಬಣ್ಣದ ಆ ಮೊಟ್ಟೆ ಕಾಲಿನ ಕೆಳಗೆ ಬಂದರೂ ತಿಳಿಯುವುದಿಲ್ಲ. ಆದ್ದರಿಂದ ಮಕ್ಕಳು ತಾವೇ ಹೊಳೆಗೆ ಹೋಗಬಾರದು. ಹಿರಿಯರೊಡನೆ, ಜನ ಓಡಾಡುವ ಘಾಟಿನ ಬಳಿ, ಹೊಲದ ಮೂಲಕ ದಾರಿಯಿದ್ದರೆ ಹೊಲದವರನ್ನು ಕೇಳಿ ಹೋಗಬೇಕು. ಸಡಿಲವಾಗಿ ಬಿದ್ದ ಉಸುಕನ್ನಷ್ಟೇ ಮುಟ್ಟಬೇಕು. ದಂಡೆ ಅಗೆದರೆ, ಹುಲ್ಲು ಕಿತ್ತರೆ ಮುಂದಿನ ಮಹಾಪೂರದಲ್ಲಿ ಅಲ್ಲಿಂದಲೇ ಮಣ್ಣು ಕುಸಿಯುತ್ತದೆ. ತೋಡಿದ ಕುಣಿಯನ್ನು ಮುಚ್ಚಿಯೇ ಬರಬೇಕು. ಉಸುಕು ತೆಗೆದು ಹಾಗೇ ಬಿಟ್ಟ ಕುಣಿಗಳು ಈಜಲು ಇಳಿದವರ ಜೀವ ತೆಗೆದದ್ದುಂಟು. ಇನ್ನು ಚೀಲಗಟ್ಟಲೆ ತರುವ ಮಾತೇ ಬೇಡ; ಹೊಳೆಯ ಉಸುಕು ಸರಕಾರದ ಸ್ವತ್ತು.

ಮುಂದೆ ಈ ಮಕ್ಕಳಲ್ಲಿ ಯಾರಾದರೂ ನಿಜವಾದ ಬಂಗಾರದ ನಾಡಿಗೆ ಹೋದರೂ ನೀತಿ ಇದೇ. ಕಪ್ಪತಗುಡ್ಡ 2019ರಲ್ಲಿ ವನ್ಯಜೀವಿಧಾಮವಾಯಿತು. ಹವ್ಯಾಸಕ್ಕೆಂದು ಅಲ್ಲಿ ಅಗೆಯುವಂತಿಲ್ಲ. ಬಂಗಾರದ ಹುಡಿಯನ್ನು ಒಟ್ಟುಗೂಡಿಸಲು ಪಾದರಸ ಬಳಸುವ ರೂಢಿ ಅನೇಕ ದೇಶಗಳಲ್ಲಿ ಇನ್ನೂ ಇದೆ. ಪಾದರಸ ಬಂಗಾರವನ್ನು ಹಿಡಿಯುತ್ತದೆ. ಕಾಯಿಸಿದರೆ ತಾನು ಆವಿಯಾಗಿ ಉಸಿರಿಗೆ ಸೇರುತ್ತದೆ, ನೀರಿಗೆ ಬಿದ್ದರೆ ಮೀನಿನ ಮೂಲಕ ಊಟಕ್ಕೆ ಬರುತ್ತದೆ. ಜಪಾನಿನ ಮಿನಮಾಟಾದಲ್ಲಿ ಕಾರ್ಖಾನೆಯೊಂದರ ಪಾದರಸ ಸಮುದ್ರ ಸೇರಿ, ಮೀನು ತಿಂದವರ ನರಗಳನ್ನೇ ಕೆಡಿಸಿತು. ಆ ರೋಗ ಬೆಳಕಿಗೆ ಬಂದದ್ದು 1956ರಲ್ಲಿ. ಆ ಊರಿನ ಹೆಸರಿನಲ್ಲೇ 2013ರಲ್ಲಿ ಪಾದರಸ ನಿಯಂತ್ರಣದ ಅಂತರರಾಷ್ಟ್ರೀಯ ಒಪ್ಪಂದವಾಯಿತು. ಕೋಲಾರದ ಗಣಿ 2001ರಲ್ಲಿ ಮುಚ್ಚಿತು. ಬಂಗಾರ ತೆಗೆದುಳಿದ ಹುಡಿಯ ದಿಬ್ಬಗಳು ಮಾತ್ರ ಊರಿಗೇ ಉಳಿದವು. ಬಂಗಾರ ಒಯ್ದವರು ಒಯ್ದರು, ಅದರ ರಾಡಿ ಅಲ್ಲಿ ಬದುಕುವವರ ಪಾಲಿಗೆ ಬಂತು.

ಹುಡುಕುವ ಆಸೆ ಕೆಟ್ಟದ್ದಲ್ಲ. ಪರಾತ ಹಿಡಿದ ಹುಡುಗಿ ಅಥವಾ ಹುಡುಗನಿಗೆ ಕಲ್ಲಿನ ಕಥೆ, ನೀರಿನ ಬಲ, ತೂಕದ ಲೆಕ್ಕ ಒಟ್ಟಿಗೇ ತಿಳಿಯುತ್ತವೆ. ಒಂದು ಚಿಕ್ಕ ಶೀಶೆಯಲ್ಲಿ ಚಿಟಿಕೆ ಕಪ್ಪು ಹುಡಿ ಹಾಕಿ, ಊರು, ಹೊಳೆ, ತಾರೀಖು ಬರೆದು ಅಂಟಿಸಿದರೆ ಶಾಲೆಯ ಪ್ರಯೋಗಾಲಯಕ್ಕೆ ಅದೇ ಒಂದು ಕೊಡುಗೆ. ಏಳುವ ಮುನ್ನ ಅಪ್ಪನೋ ಅವ್ವನೋ ‘ಕುಣಿ ಮುಚ್ಚಿದಿಯೇನಪಾ?’ ಎಂದು ಕೇಳಬೇಕು. ಮುಚ್ಚಿರದಿದ್ದರೆ ತಾವೂ ಕೈಹಚ್ಚಿ ಮುಚ್ಚಬೇಕು.